ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್: ಯಾವ ಸೂಜಿ?

ಎರಡೂ ತೂಕ ಇಳಿಸುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮದ್ದುಗಳು. ಸೆಮಾಗ್ಲುಟೈಡ್ ಹಸಿವು ತಗ್ಗಿಸುವ ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನಿನಂತೆ ಮಾತ್ರ ಕೆಲಸ ಮಾಡುತ್ತದೆ. ಟಿರ್ಜೆಪಟೈಡ್ ಅದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಕರುಳಿನ ಹಾರ್ಮೋನಿನಂತೆಯೂ.

2025ರಲ್ಲಿ ಪ್ರಕಟವಾದ ಸರ್‌ಮೌಂಟ್-5 ಪ್ರಯೋಗ ಇವೆರಡನ್ನೂ ನೇರವಾಗಿ ಹೋಲಿಸಿತು. 72 ವಾರಗಳಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ 13.7% ಇಳಿಯಿತು, ಟಿರ್ಜೆಪಟೈಡ್‌ನವರದು 20.2%. ವ್ಯತ್ಯಾಸ ಜಾಸ್ತಿಯೇ, ಅಲ್ವಾ? ಆದರೆ ಪ್ರಯೋಗಕ್ಕೆ ದುಡ್ಡು ಹಾಕಿದ್ದು ಟಿರ್ಜೆಪಟೈಡ್ ತಯಾರಿಸುವ ಲಿಲ್ಲಿ ಕಂಪನಿಯೇ.

ಹೃದ್ರೋಗ ಇದ್ದರೆ ನನ್ನ ಒಲವು ಸೆಮಾಗ್ಲುಟೈಡ್ ಕಡೆಗೆ. 2023ರ ಸೆಲೆಕ್ಟ್ ಪ್ರಯೋಗದಲ್ಲಿ, ಸಕ್ಕರೆ ಕಾಯಿಲೆ ಇಲ್ಲದ 17,604 ಹೃದ್ರೋಗಿಗಳಲ್ಲಿ, ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಇವುಗಳ ಒಟ್ಟು ಅಪಾಯವನ್ನು ಅದು 20% ತಗ್ಗಿಸಿತು.

ವಾಕರಿಕೆ ಎರಡರಲ್ಲೂ ಇದೆ. ಗರ್ಭನಿರೋಧಕ ಮಾತ್ರೆ ನುಂಗುವವರು ಟಿರ್ಜೆಪಟೈಡ್ ಶುರು ಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಮಾತ್ರೆಯ ಬಲ ಕುಗ್ಗಬಹುದು.