ವಿಡಿಯೊ ಸಂದರ್ಶನದ ತರಬೇತಿಗೆ ಹಣ ಕಟ್ಟುವ ಮುನ್ನ ದಯವಿಟ್ಟು ಇದನ್ನು ಓದಿ

ಕೆಲಸಕ್ಕೆ ಅರ್ಜಿ ಹಾಕಿದವರಿಗೆ ಕಂಪನಿಗಳು ಈಗ ಮೊದಲ ಸುತ್ತಿನಲ್ಲಿ ಒಂದು ಲಿಂಕ್ ಕಳುಹಿಸಿ, ಪರದೆಯ ಮೇಲೆ ಬರುವ ಪ್ರಶ್ನೆಗಳಿಗೆ ನಮ್ಮಷ್ಟಕ್ಕೆ ನಾವೇ ಉತ್ತರ ರೆಕಾರ್ಡ್ ಮಾಡಿ ಸಲ್ಲಿಸುವಂತೆ ಹೇಳುತ್ತಿರುವುದು ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿದೆ. ಎದುರಿಗೆ ಯಾರೂ ಇಲ್ಲದೆ ಕ್ಯಾಮೆರಾ ನೋಡಿ ಮಾತನಾಡಬೇಕಾದ ಈ ಸಂದರ್ಶನ ಎಂದರೆ ಹೊಸ ಪದವೀಧರರಿಗೆ ಭಯ. ಆ ಭಯವನ್ನೇ ಬಂಡವಾಳ ಮಾಡಿಕೊಂಡು ಹಣ ಕೀಳುವವರು ಹುಟ್ಟಿಕೊಂಡಿದ್ದಾರೆ. ಬೆಂಗಳೂರಿನ ಅಂಥದ್ದೊಂದು ತರಬೇತಿ ಸಂಸ್ಥೆ ನನ್ನಿಂದ 6,500 ರೂಪಾಯಿ ಪಡೆದು ಮೋಸ ಮಾಡಿದೆ. ಇನ್ನೊಬ್ಬರ ಮನೆಯ ಹಣ ಹೀಗೆ ಹೋಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವಳು, ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಹಾಕಿದ್ದ ಅರ್ಜಿ ಮುಂದಕ್ಕೆ ಹೋಗಿ, ಭಾನುವಾರ ರಾತ್ರಿಯೊಳಗೆ ವಿಡಿಯೊ ಉತ್ತರ ಸಲ್ಲಿಸಬೇಕು ಎಂಬ ಇಮೇಲ್ ಬಂತು. ಅದೇ ವಾರ ಇನ್‌ಸ್ಟಾಗ್ರಾಮ್‌ನಲ್ಲಿ ಈ ಸಂಸ್ಥೆಯ ಜಾಹೀರಾತು ಕಾಣಿಸಿತು. ಎಐ ನಿಮ್ಮ ಮುಖದ ಪ್ರತಿಯೊಂದು ಚಲನೆಯನ್ನೂ ಅಳೆಯುತ್ತದೆ, ತರಬೇತಿ ಇಲ್ಲದವರು ಮೊದಲ ನಿಮಿಷದಲ್ಲೇ ತಿರಸ್ಕೃತರಾಗುತ್ತಾರೆ ಎಂದು ಅದರಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ವಿಚಾರಿಸಿದಾಗ ಫೋನ್ ಎತ್ತಿಕೊಂಡ ವ್ಯಕ್ತಿ ಬಹಳ ವಿನಯದಿಂದ, ನನ್ನ ಅಭ್ಯಾಸದ ವಿಡಿಯೊವನ್ನು ಅನುಭವಿ ಎಚ್‌ಆರ್ ಒಬ್ಬರು ಪೂರ್ತಿ ಕೂತು ನೋಡುತ್ತಾರೆ, ಅದರ ಜೊತೆಗೆ ಎಐ ವರದಿಯೂ ಬರುತ್ತದೆ, ಎರಡನ್ನೂ ಸೇರಿಸಿ ನನಗೊಬ್ಬಳಿಗೇ ಸಲಹೆ ಕೊಡುತ್ತಾರೆ ಎಂದು ಭರವಸೆ ಕೊಟ್ಟರು. ಯಾರಾದರೂ ಒಬ್ಬರು ನೋಡಿ ತಪ್ಪು ಹೇಳುತ್ತಾರಲ್ಲ ಎಂಬ ಆಸೆಗೆ ನಾನು ಅಪ್ಪನನ್ನು ಕೇಳಿದೆ. ಅಪ್ಪ ಮೆಕ್ಕೆಜೋಳ ಮಾರಿ ಬಂದಿದ್ದ ಹಣದಲ್ಲಿ ಕಳುಹಿಸಿದರು. ಆ ಹಣದ ಬಗ್ಗೆ ಈಗಲೂ ಮನೆಯಲ್ಲಿ ತಲೆಯೆತ್ತಿ ಮಾತನಾಡಲು ನನಗೆ ನಾಚಿಕೆಯಾಗುತ್ತದೆ.

ಹಣ ಕಟ್ಟಿದ ಮೇಲೆ ಸಿಕ್ಕಿದ್ದು ಒಂದು ಪಿಡಿಎಫ್. ನಿಮ್ಮ ಬಗ್ಗೆ ಹೇಳಿ, ನಿಮ್ಮ ದೌರ್ಬಲ್ಯವೇನು, ಐದು ವರ್ಷಗಳ ನಂತರ ಎಲ್ಲಿರುತ್ತೀರಿ ಎಂಬ ಹಳೆಯ ಪ್ರಶ್ನೆಗಳಿಗೆ ಉದ್ದುದ್ದ ಇಂಗ್ಲಿಷ್ ಉತ್ತರಗಳು. ಅವನ್ನು ಬಾಯಿಪಾಠ ಮಾಡಿ ಎಂಬ ಸೂಚನೆ. ಅದನ್ನೂ ಸಹಿಸಿಕೊಂಡೆ. ಅವರು ಹೇಳಿದಂತೆ ಅಭ್ಯಾಸದ ವಿಡಿಯೊ ರೆಕಾರ್ಡ್ ಮಾಡಿ ಕಳುಹಿಸಿದೆ. ಮರುದಿನ ವರದಿ ಬಂತು: ಒಟ್ಟು ಅಂಕ ನೂರಕ್ಕೆ 87, ಧ್ವನಿಯ ಸ್ಪಷ್ಟತೆ ಹತ್ತಕ್ಕೆ 9, ಉಚ್ಚಾರಣೆ ಉತ್ತಮ, ಮಾತಿನ ವೇಗ ಹದವಾಗಿದೆ, ಕಣ್ಣಿನ ಸಂಪರ್ಕ ಸುಧಾರಿಸಬೇಕು. ಕೆಳಗೆ ಎಚ್‌ಆರ್ ಪರಿಣತರ ಸಹಿಯೂ ಇತ್ತು. ಓದಿ ಸಂತೋಷಪಟ್ಟೆ, ಮನೆಯವರಿಗೆಲ್ಲ ತೋರಿಸಿದೆ.

ಆ ಸಂಜೆ ತಂಗಿಗೆ ತೋರಿಸಲೆಂದು ಅದೇ ವಿಡಿಯೊ ಹಾಕಿದಾಗ ಅದರಲ್ಲಿ ಧ್ವನಿಯೇ ಇರಲಿಲ್ಲ. ನನ್ನ ತುಟಿ ಆಡುತ್ತಿದೆ, ಹಿಂದಿನ ಗೋಡೆಯ ಕ್ಯಾಲೆಂಡರ್ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿದೆ, ಆದರೆ ಒಂದು ಅಕ್ಷರವೂ ಕೇಳಿಸುತ್ತಿಲ್ಲ. ಲ್ಯಾಪ್‌ಟಾಪ್‌ನ ಸ್ಪೀಕರ್ ಕೆಟ್ಟಿರಬಹುದೆಂದು ಬೇರೆ ವಿಡಿಯೊ ಹಾಕಿದೆವು, ಅದು ಕೇಳಿಸಿತು. ಅವರಿಗೆ ಕಳುಹಿಸಿದ್ದ ಫೈಲನ್ನೇ ಇಮೇಲ್‌ನಿಂದ ಇಳಿಸಿಕೊಂಡು ಫೋನಿನಲ್ಲಿ ಹಾಕಿದೆವು, ಅದೂ ಮೂಕ. ಬ್ಲೂಟೂತ್ ಇಯರ್‌ಫೋನ್‌ನ ಮೈಕ್ ರೆಕಾರ್ಡಿಂಗ್ ಶುರುವಾಗುವ ಮೊದಲೇ ಸಂಪರ್ಕ ಕಳೆದುಕೊಂಡಿತ್ತು. ಹಾಗಿದ್ದರೆ ಹತ್ತಕ್ಕೆ 9 ಕೊಟ್ಟಿದ್ದು ಯಾವ ಧ್ವನಿಗೆ? ಹದವಾಗಿದ್ದುದು ಯಾವ ಮಾತಿನ ವೇಗ? ಆ ವಿಡಿಯೊವನ್ನು ಯಾವ ಎಚ್‌ಆರ್ ಕೂಡ ನೋಡಿರಲಿಲ್ಲ, ಯಾವ ಎಐ ಕೂಡ ಕೇಳಿರಲಿಲ್ಲ. ತೆರೆದೂ ನೋಡದೆ ಅಂಕ ಬರೆದು ಕಳುಹಿಸಿದ್ದರು. ಅದೇ ತಂಡದಲ್ಲಿದ್ದ ಚಿತ್ರದುರ್ಗದ ಹುಡುಗಿಯೊಬ್ಬಳನ್ನು ಕೇಳಿದಾಗ ಅವಳ ವರದಿಯಲ್ಲೂ ಅದೇ 87, ಅದೇ ವಾಕ್ಯಗಳು, ಕಣ್ಣಿನ ಸಂಪರ್ಕದ ಬಗ್ಗೆ ಅದೇ ಮಾತು ಇರುವುದು ಗೊತ್ತಾಯಿತು. ಹೆಸರು ಮಾತ್ರ ಬೇರೆ.

ಅವರು ಕೊಟ್ಟ ಉತ್ತರಗಳನ್ನು ನೀವು ಓದಲೇಬೇಕು. ವಿಡಿಯೊದಲ್ಲಿ ಧ್ವನಿಯೇ ಇಲ್ಲ ಎಂದು ಬರೆದಾಗ ಮೊದಲು ಬಂದ ಉತ್ತರ, “ಮೇಡಂ, ನಮ್ಮ ಎಐ ತುಟಿಯ ಚಲನೆಯಿಂದಲೂ ಧ್ವನಿಯನ್ನು ಅಳೆಯುತ್ತದೆ.” ಹಾಗಾದರೆ ಎಚ್‌ಆರ್ ಪರಿಣತರು ಏನನ್ನು ಕೇಳಿಸಿಕೊಂಡು ಸಹಿ ಹಾಕಿದರು ಎಂದು ಕೇಳಿದ್ದಕ್ಕೆ, “ಸರ್ ಮೀಟಿಂಗ್‌ನಲ್ಲಿದ್ದಾರೆ, ಸಂಜೆ ಕರೆ ಮಾಡುತ್ತಾರೆ.” ಸಂಜೆ ಕರೆ ಬಂತು, ಆದರೆ ಅದು ಇನ್ನೂ 4,000 ರೂಪಾಯಿ ಕಟ್ಟಿದರೆ ಪ್ರೀಮಿಯಂ ಮೌಲ್ಯಮಾಪನ ಸಿಗುತ್ತದೆ ಎಂದು ಹೇಳುವುದಕ್ಕೆ! ಹಣ ವಾಪಸ್ ಕೊಡಿ ಎಂದಾಗ, “ಪಿಡಿಎಫ್ ಒಮ್ಮೆ ತೆರೆದ ಮೇಲೆ ರೀಫಂಡ್ ಇಲ್ಲ, ನಿಯಮಗಳಲ್ಲಿ ಬರೆದಿದೆ, ನೀವು ಒಪ್ಪಿದ್ದೀರಿ.” ನಾನು ಕೇಳುತ್ತಿದ್ದುದು ಪಿಡಿಎಫ್ ಬಗ್ಗೆ ಅಲ್ಲ, ನೋಡದ ವಿಡಿಯೊಗೆ ಕೊಟ್ಟ ಸುಳ್ಳು ಅಂಕಗಳ ಬಗ್ಗೆ. ಅದಕ್ಕೆ ಇಂದಿಗೂ ಉತ್ತರವಿಲ್ಲ. ಗೂಗಲ್‌ನಲ್ಲಿ ವಿಮರ್ಶೆ ಬರೆದ ಮೇಲೆ, ಅದನ್ನು ತೆಗೆದರೆ ಅರ್ಧ ಹಣ ಕೊಡುತ್ತೇವೆ, ಇಲ್ಲವಾದರೆ ಮಾನನಷ್ಟದ ನೋಟಿಸ್ ಕಳುಹಿಸುತ್ತೇವೆ ಎಂದರು. ನಾನು ತೆಗೆದಿಲ್ಲ.

ಇನ್ನೂ ಹೊಟ್ಟೆ ಉರಿಯುವ ಸಂಗತಿಯೆಂದರೆ, ಕಂಪನಿ ಕಳುಹಿಸಿದ್ದ ಲಿಂಕನ್ನು ತೆರೆದಾಗ ಮೊದಲ ಪುಟದಲ್ಲೇ ಅಭ್ಯಾಸದ ಪ್ರಶ್ನೆ ಇತ್ತು. ಬೇಕಾದಷ್ಟು ಸಲ ರೆಕಾರ್ಡ್ ಮಾಡಿ ನೋಡಬಹುದು, ಅದು ಕಂಪನಿಗೆ ಹೋಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಲಿಂಕ್ ತೆರೆದರೆ ಸಂದರ್ಶನ ಆರಂಭವಾಗಿಬಿಡುತ್ತದೆ, ಕೊನೆಯ ದಿನದವರೆಗೆ ಮುಟ್ಟಬೇಡಿ ಎಂದು ಹೇಳಿದ್ದವರು ಇದೇ ತರಬೇತಿಯವರು. ಅಸಲಿ ಸುತ್ತಿನಲ್ಲಿ ಪ್ರತಿ ಪ್ರಶ್ನೆಗೆ ಯೋಚಿಸಲು 30 ಸೆಕೆಂಡ್, ಉತ್ತರಿಸಲು 2 ನಿಮಿಷ, ಒಂದೇ ಅವಕಾಶ. ಅವರು ಬಾಯಿಪಾಠ ಮಾಡಿಸಿದ್ದ ಪರಿಚಯದ ಉತ್ತರವೇ ನಾಲ್ಕು ನಿಮಿಷದ್ದು. ಅರ್ಧಕ್ಕೆ ರೆಕಾರ್ಡಿಂಗ್ ನಿಂತಿತು. ಪೂರೈಕೆದಾರರ ಬಿಲ್ಲಿನ ಮೊತ್ತವೂ ಖರೀದಿ ಆದೇಶದ ಮೊತ್ತವೂ ತಾಳೆಯಾಗದಿದ್ದರೆ ಏನು ಮಾಡುತ್ತೀರಿ ಎಂಬಂಥ ಕೆಲಸದ ಪ್ರಶ್ನೆಗಳಿಗೆ ಆ ಪಿಡಿಎಫ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಮುಂದಿನ ಸುತ್ತಿಗೆ ನನ್ನನ್ನು ಕರೆಯಲಿಲ್ಲ.

ಮುಖ ಅಳೆಯುವ ಎಐ ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡಿ: ಇಂಥ ಸಂದರ್ಶನಗಳ ವ್ಯವಸ್ಥೆ ಒದಗಿಸುವುದರಲ್ಲಿ ಹೆಸರಾದ ಅಮೆರಿಕದ ಹೈರ್‌ವ್ಯೂ ಕಂಪನಿಯೇ, ಮುಖಭಾವದ ವಿಶ್ಲೇಷಣೆಯನ್ನು ತನ್ನ ಮೌಲ್ಯಮಾಪನದಿಂದ ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ತಿಳಿಸಿತ್ತು. ಈ ಮಾತನ್ನು ತರಬೇತುದಾರರಿಗೆ ಬರೆದಾಗ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ತಯಾರಿ ಬೇಕಾದರೆ ಮನೆಯಲ್ಲೇ ಮಾಡಿಕೊಳ್ಳಿ. ಕಿಟಕಿಗೆ ಮುಖ ಮಾಡಿ ಕುಳಿತು, ಕೆಲಸದ ವಿವರಣೆಯಲ್ಲಿರುವ ಪ್ರತಿಯೊಂದು ಸಾಲಿಗೂ ಕಾಲೇಜಿನ ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್‌ನ ಒಂದು ನಿಜವಾದ ಉದಾಹರಣೆಯನ್ನು ಎರಡು ನಿಮಿಷದೊಳಗೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಧ್ವನಿ ಬಂದಿದೆಯೇ ಎಂದು ಕೇಳಿ ನೋಡಿ. ಇಷ್ಟಾದ ಮೇಲೂ ತರಬೇತಿಗೆ ಹಣ ಕಟ್ಟಲೇಬೇಕೆನಿಸಿದರೆ, ಮೊದಲು ಧ್ವನಿಯಿಲ್ಲದ ಒಂದು ವಿಡಿಯೊ ಕಳುಹಿಸಿ ಅವರು ಏನು ಹೇಳುತ್ತಾರೆ ಎಂದು ನೋಡಿ.

ಈಗಾಗಲೇ ಹಣ ಕಳೆದುಕೊಂಡವರು ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ಹಣ ಪಡೆದವರು ಸಂಸ್ಥೆಯೇ ಅಲ್ಲ, ಪೂರ್ತಿ ನಕಲಿ ಎಂದು ಗೊತ್ತಾದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ನಾನು 1915ರಲ್ಲಿ ದೂರು ಕೊಟ್ಟಿದ್ದೇನೆ. ಮೂಕ ವಿಡಿಯೊ, ವರದಿ, ಪಾವತಿಯ ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳ ಸ್ಕ್ರೀನ್‌ಶಾಟ್ ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮ ವರದಿಯಲ್ಲೂ ಅದೇ 87 ಮತ್ತು ಅದೇ ವಾಕ್ಯಗಳಿದ್ದರೆ ಅಳಿಸಬೇಡಿ, ನೀವೂ ದೂರು ಕೊಡಿ.