ಯಾಕೆ ಬೇಡವಾಯಿತು ಎಂದು ಹೇಳದ ತಾಣ: ಪೇಟೆಂಟ್ ಹುಡುಕಾಟದಲ್ಲಿ ಆರು ವರ್ಷ

“ನಿಮ್ಮ ಸಲ್ಲಿಕೆ ಆಯ್ಕೆಯಾಗಿಲ್ಲ. ಭಾಗವಹಿಸಿದ್ದಕ್ಕೆ ಧನ್ಯವಾದಗಳು.” ಆರು ವರ್ಷಗಳಲ್ಲಿ ಈ ಎರಡು ವಾಕ್ಯಗಳು ನನಗೆ ಮೂವತ್ತೊಂಬತ್ತು ಸಲ ಬಂದಿವೆ. ಒಟ್ಟು ಸಲ್ಲಿಕೆ ನಲವತ್ತೊಂದು. ಉಳಿದ ಎರಡಕ್ಕೆ ಹಣ ಬಂತು. ಹಣದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಎರಡು ವಾಕ್ಯಗಳ ಬಗ್ಗೆ.

ತಾಣದ ಹೆಸರು ಬರೆಯುತ್ತಿಲ್ಲ. ಸೇರುವಾಗ ಒಪ್ಪಿಕೊಂಡ ಕರಾರಿನಲ್ಲಿ ಗೌಪ್ಯತೆಯ ಷರತ್ತು ಇದೆ, ಅದನ್ನು ಮುರಿಯುವಷ್ಟು ಸಿಟ್ಟು ನನಗೆ ಬಂದಿಲ್ಲ. ಈ ಬಗೆಯ ಸೇವೆಯನ್ನು ಬಳಸಿದವರಿಗೆ ನಡೆಯುವ ಕ್ರಮ ಗೊತ್ತಿರುತ್ತದೆ. ಯಾವುದೋ ಕಂಪನಿಯ ಮೇಲೆ ಪೇಟೆಂಟ್ ಉಲ್ಲಂಘನೆಯ ದಾವೆ ಬೀಳುತ್ತದೆ. ಆ ಪೇಟೆಂಟಿನಲ್ಲಿ ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ, ಎಲ್ಲವೂ ಮೊದಲೇ ಇತ್ತು ಎಂದು ತೋರಿಸುವ ದಾಖಲೆ ಬೇಕು. ಅದಕ್ಕೆ ಪ್ರಯರ್ ಆರ್ಟ್ ಎನ್ನುತ್ತಾರೆ. ತಾಣವು ಪೇಟೆಂಟಿನ ಸಂಖ್ಯೆ, ಒಂದು ತಾರೀಖು ಮತ್ತು ಬಹುಮಾನದ ಮೊತ್ತವನ್ನು ಪ್ರಕಟಿಸುತ್ತದೆ. ಜಗತ್ತಿನ ನಾನಾ ಮೂಲೆಗಳಲ್ಲಿರುವ ನನ್ನಂಥವರು ಹುಡುಕಲು ಕೂರುತ್ತೇವೆ. ಸಿಕ್ಕ ದಾಖಲೆ ಆ ತಾರೀಖಿಗಿಂತ ಹಿಂದಿನದಾದರೆ ಸರಿ, ಒಂದು ವರ್ಷಕ್ಕೂ ಹಿಂದಿನದಾದರೆ ಇನ್ನೂ ಗಟ್ಟಿ.

ನೆಂಟರಿಗೆ ಈ ಕೆಲಸ ವಿವರಿಸಿದಾಗಲೆಲ್ಲ ಬರುವ ಪ್ರಶ್ನೆ ಒಂದೇ: “ಅರಿಶಿನದ ಪೇಟೆಂಟ್ ತರಹವೇ?” ಹೌದು, ಹಾಗೆಯೇ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು, 1997ರಲ್ಲಿ ರದ್ದು ಮಾಡಿದರು. ಆದರೆ ಅದು ರದ್ದಾದದ್ದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು ಎಂಬ ಕಾರಣಕ್ಕಲ್ಲ. ಅಜ್ಜಿಯ ಮಾತಿಗೆ ಅಲ್ಲಿನ ಆಗಿನ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ. ಹೊರದೇಶದ ತಿಳಿವಳಿಕೆಯಾದರೆ ಅದು ಅಚ್ಚಾಗಿರಬೇಕಿತ್ತು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್ಐಆರ್‌ನವರು 32 ಲಿಖಿತ ಆಧಾರಗಳನ್ನು ಹೊತ್ತು ಹೋದರು. ಅವುಗಳಲ್ಲಿ 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನವೂ ಇತ್ತು. ಅಚ್ಚಾಗಿರಬೇಕು, ತಾರೀಖು ಇರಬೇಕು, ಬೇರೆಯವರ ಕೈಗೆ ಸಿಗುವಂತಿರಬೇಕು. ಆರು ವರ್ಷ ನಾನು ಈ ಮೂರರ ಸುತ್ತಲೇ ಗಿರಕಿ ಹೊಡೆದಿದ್ದೇನೆ.

ನಾನು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ದುಡಿದು ಸ್ವಯಂ ನಿವೃತ್ತಿ ಪಡೆದವನು. ಪಿಂಚಣಿಯಲ್ಲಿ ಮನೆ ನಡೆಯುತ್ತದೆ, ಪೇಟೆಂಟ್ ಹುಡುಕಾಟಕ್ಕೆಂದು ತಿಂಗಳಿಗೆ ಐನೂರು ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಇದು ಮನೆಯವಳ ಜೊತೆ ಆದ ಒಪ್ಪಂದ. ಹಾಗಾಗಿ ದುಡ್ಡು ಕೊಟ್ಟು ಓದಬೇಕಾದ ಸಂಶೋಧನಾ ಲೇಖನಗಳು ನನ್ನ ಲೆಕ್ಕಕ್ಕೆ ಇಲ್ಲ. ಯೂರೋಪಿನ ಪೇಟೆಂಟ್ ಕಚೇರಿಯ ಹುಡುಕುತಾಣ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮತ್ತು ಹಳೆಯ ಜಾಲಪುಟಗಳನ್ನು 1996ರಿಂದ ಕೂಡಿಟ್ಟಿರುವ ವೇಬ್ಯಾಕ್ ಮಷೀನ್, ಮೂರೂ ಪುಕ್ಕಟೆ. ಈ ಮೂರಕ್ಕೆ ನನ್ನ ದೇವರ ಮನೆಯಲ್ಲಿ ಜಾಗ ಕೊಟ್ಟರೂ ತಪ್ಪಿಲ್ಲ.

ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ, ಒಂದು ಲೋಟ ಮಜ್ಜಿಗೆ ಇಟ್ಟುಕೊಂಡು, ಪೇಟೆಂಟಿನ ಮೊದಲನೆಯ ಕ್ಲೇಮ್ ಅನ್ನು, ಅಂದರೆ ಯಾವುದರ ಮೇಲೆ ಹಕ್ಕು ಎಂದು ಹೇಳುವ ಭಾಗವನ್ನು, ಕಾಗದದ ಮೇಲೆ ತೆಗೆದುಕೊಳ್ಳುತ್ತೇನೆ. ಕ್ಲೇಮ್ ಎಷ್ಟೇ ಉದ್ದವಿರಲಿ, ಅದು ಒಂದೇ ವಾಕ್ಯವಾಗಿರಬೇಕೆಂಬುದು ನಿಯಮ. ಅರ್ಧ ಪುಟದ ಒಂದು ವಾಕ್ಯ! ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯವನ್ನು ಬಿಡಿಸಿ ಅನ್ವಯ ಬರೆಯಿಸುತ್ತಿದ್ದ ಮೇಷ್ಟರು ನೆನಪಾಗುತ್ತಾರೆ. ಯಾವ ಕ್ರಿಯೆಗೆ ಯಾವುದು ಕರ್ತೃ, ಈ “ಸದರಿ” ಎಂಬುದು ಮೇಲಿನ ಯಾವುದಕ್ಕೆ ಅಂಟಿಕೊಂಡಿದೆ ಎಂದು ಕೆಂಪು, ನೀಲಿ, ಹಸಿರು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತೇನೆ. ಆಮೇಲೆ ಮಗಳು ಬಿಟ್ಟುಹೋದ ಲೆಕ್ಕದ ನೋಟುಬುಕ್ಕಿನಲ್ಲಿ ಎಡಕ್ಕೆ ಕ್ಲೇಮಿನ ತುಂಡುಗಳು, ಬಲಕ್ಕೆ ಖಾಲಿ ಜಾಗ. ಆ ಬಲಗಡೆ ಒಂದೊಂದಾಗಿ ತುಂಬುವುದಿದೆಯಲ್ಲ, ಪದಬಂಧ ಬಿಡಿಸುವವರಿಗೆ ಈ ರುಚಿ ಅರ್ಥವಾದೀತು. ಕೊನೆಯ ಗಡುವು ಅಮೆರಿಕದ ಪೂರ್ವ ಕರಾವಳಿಯ ನಡುರಾತ್ರಿ. ಅಲ್ಲಿ ಬೇಸಿಗೆಯಾಗಿದ್ದರೆ ನಮಗೆ ಬೆಳಗಿನ ಒಂಬತ್ತೂವರೆ. ಎರಡನೆಯ ಕಾಫಿಯ ಹೊತ್ತಿಗೆ ಗುಂಡಿ ಒತ್ತುವುದು ನನ್ನ ಪದ್ಧತಿ.

ಮೊದಲ ಬಹುಮಾನ ಬಂದದ್ದು ಇಪ್ಪತ್ತು ನಿಮಿಷದ ಕೆಲಸಕ್ಕೆ. ಮುಚ್ಚಿಹೋದ ಒಂದು ಉಪಕರಣ ಕಂಪನಿಯ ಜಾಲಪುಟ, ಅದರಲ್ಲಿ ಎರಡು ಪುಟದ ಮಾರಾಟದ ಕರಪತ್ರ, ವೇಬ್ಯಾಕ್‌ನಲ್ಲಿ ಸಿಕ್ಕಿತು. ಅಮೆರಿಕದ ಪೇಟೆಂಟ್ ಮಂಡಳಿಯ ಮುಂದೆ ಮರುಪರಿಶೀಲನೆಗೆ ಹೋದರೆ ಹಳೆಯ ಪೇಟೆಂಟುಗಳು ಮತ್ತು ಪ್ರಕಟವಾದ ಬರಹ, ಇವೆರಡನ್ನು ಮಾತ್ರ ಆಧಾರವಾಗಿ ಮುಂದಿಡಬಹುದು. ಉಪಕರಣವನ್ನೇ ಹೊತ್ತುಕೊಂಡು ಹೋದರೂ ನಡೆಯುವುದಿಲ್ಲ, ಅದರ ಕರಪತ್ರ ನಡೆಯುತ್ತದೆ. ತೆರಿಗೆಗೆಂದು ಡಬ್ಲ್ಯು-8ಬೆನ್ ಎಂಬ ಅರ್ಜಿ ತುಂಬಿಸಿಕೊಂಡು, ನಾಲ್ಕು ತಿಂಗಳಾದ ಮೇಲೆ ಸಾವಿರ ಡಾಲರ್ ಕಳುಹಿಸಿದರು. ಬ್ಯಾಂಕು ತನ್ನ ಪಾಲು ಮುರಿದುಕೊಂಡಿತು. ಉಳಿದದ್ದರಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮತ್ತು ಒಂದು ಒಳ್ಳೆಯ ಟೇಬಲ್ ದೀಪ ಬಂದವು. ಆ ಹೊತ್ತಿಗೆ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

2021ರಲ್ಲಿ ನನ್ನದೇ ಕ್ಷೇತ್ರದ ಪೇಟೆಂಟ್ ಒಂದು ಬಂತು. ಗುರುತು ಸಿಗದಂತೆ ಸ್ವಲ್ಪ ಬದಲಿಸಿ ಹೇಳುತ್ತೇನೆ: ಸಾಲಿನಲ್ಲಿ ಕಾಯುತ್ತಿರುವ ಕರೆಯನ್ನು ಕಡಿದು, ಸರದಿ ಬಂದಾಗ ಯಂತ್ರವೇ ಮರಳಿ ಕರೆಯುವ ವ್ಯವಸ್ಥೆ. ತಾರೀಖು 1998ರ ಮಾರ್ಚ್. ಅವಧಿ ಮುಗಿದ ಪೇಟೆಂಟ್ ಇದು, ಯಾರಿಗೆ ಬೇಕು ಅನ್ನಬೇಡಿ. ಅಮೆರಿಕದಲ್ಲಿ ಹಿಂದಿನ ಆರು ವರ್ಷದ ಪರಿಹಾರ ಕೇಳಿ ದಾವೆ ಹೂಡಬಹುದು. ಓದುತ್ತಿದ್ದಂತೆ ನನಗೆ ನಗು ಬಂತು. ಇದನ್ನು ನಾನು ಕೇಳಿದ್ದೆ, ಕಿವಿಯಾರೆ, ಒಂದು ವಿಚಾರ ಸಂಕಿರಣದಲ್ಲಿ. ಊಟಕ್ಕೆ ಬಿಸಿಬೇಳೆಭಾತ್ ಇತ್ತು, ಅದೂ ನೆನಪಿದೆ. ಪ್ರಬಂಧಗಳನ್ನು ಸೈಕ್ಲೋಸ್ಟೈಲ್ ಮಾಡಿ, ಹೊಲಿದು, ಹಸಿರು ರಟ್ಟು ಹಾಕಿ ಹಂಚಿದ್ದರು. ನನ್ನ ಪ್ರತಿ ಎರಡು ವರ್ಗಾವಣೆಗಳ ನಡುವೆ ಎಲ್ಲೋ ಗೆದ್ದಲಿಗೆ ಹೋಗಿತ್ತು.

ಎಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಆ ಸಂಕಿರಣ ನಡೆದ ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯ ತಲುಪಿದೆ. ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದ ಅಟೆಂಡರ್ ಹಿಂದಿನ ಕೋಣೆಯ ಬೀರು ತೆಗೆದು, ಧೂಳು ಕೊಡವಿ ಕೈಗಿಟ್ಟರು. “ಇದೇ ಬೇಕೇ ಸರ್? ನಾನು ಸೇರಿದ ಮೇಲೆ ಯಾರೂ ಕೇಳಿದ್ದು ನೋಡಿಲ್ಲ.” ಹಸಿರು ರಟ್ಟು ಬಿಳಿಚಿಕೊಂಡಿತ್ತು. ನಲವತ್ತಮೂರನೆಯ ಪುಟದಲ್ಲಿ ಚಿತ್ರ ಸಮೇತ ಎಲ್ಲವೂ ಇತ್ತು. ಸರದಿ, ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು, ಮರಳಿ ಕರೆಯುವುದು, ಎತ್ತದಿದ್ದರೆ ಎರಡನೆಯ ಯತ್ನ. ನೋಟುಬುಕ್ಕಿನ ಬಲಗಡೆ ಒಂದು ಸಾಲೂ ಖಾಲಿ ಉಳಿಯಲಿಲ್ಲ.

ಆದರೆ ನನ್ನ ಮೈ ಜುಮ್ಮೆಂದದ್ದು ಆ ಪುಟಕ್ಕಲ್ಲ, ಕೊನೆಯ ರಟ್ಟಿಗೆ ಗೋಂದು ಹಚ್ಚಿ ಅಂಟಿಸಿದ್ದ ತಾರೀಖಿನ ಚೀಟಿಗೆ. ನೇರಳೆ ಶಾಯಿಯ ರಬ್ಬರ್ ಮೊಹರು, ವಾರೆಯಾಗಿ: 12 ಆಗಸ್ಟ್ 1996. ಕೆಳಗೆ ಇನ್ನೆರಡು, ಒಂದು ಮಸುಕಾಗಿದೆ. ಆ ಪುಸ್ತಕವನ್ನು ಯಾರೋ ಒಬ್ಬರು ಮನೆಗೆ ಒಯ್ದು, ಹದಿನೈದು ದಿನದಲ್ಲಿ ತಂದುಕೊಡಬೇಕಾಗಿತ್ತು ಎಂಬುದಕ್ಕೆ ಸಾಕ್ಷಿ. ಬಹುಮಾನ, ಡಾಲರ್ ಎಲ್ಲ ಮರೆತು ಹೋಗಿ, ಆ ಮೊಹರನ್ನು ಒತ್ತಿದ ಕೈ ಯಾರದ್ದೋ ಎಂದು ನೋಡುತ್ತ ಕುಳಿತೆ. ರಟ್ಟು, ಶೀರ್ಷಿಕೆಯ ಪುಟ, ಕಾಲೇಜಿನ ದುಂಡು ಮೊಹರು, ಚೀಟಿ, ದಾಖಲಾತಿ ರಿಜಿಸ್ಟರಿನ ಸಾಲು, ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದುಕೊಂಡೆ. ಸಲ್ಲಿಕೆ ಬರೆಯಲು ಹನ್ನೊಂದು ರಾತ್ರಿ ಹಿಡಿಯಿತು.

ಮೂರು ವಾರಕ್ಕೆ ಉತ್ತರ ಬಂತು. ನಿಮ್ಮ ಸಲ್ಲಿಕೆ ಆಯ್ಕೆಯಾಗಿಲ್ಲ. ಭಾಗವಹಿಸಿದ್ದಕ್ಕೆ ಧನ್ಯವಾದಗಳು.

ಯಾಕೆ? ಯಾರಾದರೂ ಮೊದಲೇ ಕಳುಹಿಸಿದ್ದರೇ? ಚಿತ್ರ ಸಾಲದೇ? ತಾರೀಖು ನಂಬಲಿಲ್ಲವೇ? ಕೇಳಿ ಬರೆದೆ. ಮೌಲ್ಯಮಾಪನದ ವಿವರವನ್ನು ಹಂಚಿಕೊಳ್ಳಲಾಗುವುದಿಲ್ಲ ಎಂದು ಇನ್ನೊಂದು ವಾಕ್ಯ ಬಂತು. ಎಸ್ಎಸ್ಎಲ್‌ಸಿಯಲ್ಲಿ ಫೇಲಾದ ಹುಡುಗನಿಗೂ ಉತ್ತರ ಪತ್ರಿಕೆಯ ನಕಲು ತರಿಸಿಕೊಳ್ಳುವ ಹಕ್ಕಿದೆ.

ಗುಟ್ಟು ಬಿಡಲಾರರು, ದಾವೆ ನಡೆಯುತ್ತಿರುತ್ತದೆ ಎಂಬ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಅಂತರ್ಜಾಲ ಸೇವೆಯ ಕ್ಲೌಡ್‌ಫ್ಲೇರ್ ಕಂಪನಿ 2017ರಲ್ಲಿ ತನ್ನ ಮೇಲೆ ದಾವೆ ಹೂಡಿದ ಬ್ಲ್ಯಾಕ್‌ಬರ್ಡ್ ಎಂಬ, ಪೇಟೆಂಟುಗಳನ್ನು ಕೊಂಡು ದಾವೆ ಹಾಕುವ ಕಂಪನಿಯ ವಿರುದ್ಧ ಪ್ರಾಜೆಕ್ಟ್ ಜೆಂಗೊ ಎಂದು ಬಹುಮಾನ ಇಟ್ಟಾಗ, ಜನ ಕಳುಹಿಸಿದ ದಾಖಲೆಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿತು. ಮರುವರ್ಷ ನ್ಯಾಯಾಲಯ ಆ ಪೇಟೆಂಟನ್ನು ಬರಿಯ ಅಮೂರ್ತ ಕಲ್ಪನೆ ಎಂದು ತಳ್ಳಿಹಾಕಿತು, ಜನರ ದಾಖಲೆಗಳ ಅಗತ್ಯವೇ ಬೀಳಲಿಲ್ಲ. ಸೇಬಲ್ ನೆಟ್‌ವರ್ಕ್ಸ್ ಎಂಬ ಅಂಥದೇ ಇನ್ನೊಂದು ಕಂಪನಿಯ ವಿರುದ್ಧದ ಎರಡನೆಯ ಸುತ್ತು 2024ರವರೆಗೆ ನಡೆದು, ಕೊನೆಗೆ ಸೇಬಲ್‌ನವರೇ 2,25,000 ಡಾಲರ್ ಕೊಟ್ಟು ಪೇಟೆಂಟುಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅದಕ್ಕೂ ಹಿಂದೆ, ಬೌಂಟಿಕ್ವೆಸ್ಟ್ ಎಂಬ ತಾಣದಲ್ಲಿ ಅಮೆಜಾನಿನ ಒಂದು ಕ್ಲಿಕ್ಕಿನ ಖರೀದಿಯ ಪೇಟೆಂಟ್ ವಿರುದ್ಧ 10,000 ಡಾಲರ್ ಇಟ್ಟಿದ್ದ ಪ್ರಕಾಶಕ ಟಿಮ್ ಓ’ರೈಲಿ, ಯಾವ ದಾಖಲೆಯೂ ಪೂರ್ತಿ ಹೊಂದದಿದ್ದರೂ 2001ರಲ್ಲಿ ಮೂವರಿಗೆ ಹಣ ಹಂಚಿದರು.

ನಮ್ಮಲ್ಲೇ ನೋಡಿ. ಪೇಟೆಂಟ್ ಕೊಡುವ ಮೊದಲು ಯಾರು ಬೇಕಾದರೂ ತಕರಾರು ಸಲ್ಲಿಸಬಹುದು ಎನ್ನುತ್ತದೆ ನಮ್ಮ ಕಾಯ್ದೆಯ 25ನೆಯ ಸೆಕ್ಷನ್. ಕ್ಷಯದ ಔಷಧ ಬೆಡಾಕ್ವಿಲಿನ್ ಮೇಲಿನ ಏಕಸ್ವಾಮ್ಯವನ್ನು 2027ರವರೆಗೆ ಎಳೆಯುವ ಅರ್ಜಿಯನ್ನು ಪ್ರಶ್ನಿಸಿದವರು ಆ ರೋಗದಿಂದ ಗುಣವಾದ ಇಬ್ಬರು, ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೆಜಾ ತಿಸಿಲೆ. 2023ರ ಮಾರ್ಚ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು, ಕಾರಣಗಳನ್ನು ಬರೆದ ಆದೇಶದೊಂದಿಗೆ. ಅಂಥ ಆದೇಶಗಳನ್ನು ನಾನು ಈಗ ಧಾರಾವಾಹಿಯಂತೆ ಓದುತ್ತೇನೆ. ಗೆದ್ದವರಿಗೂ ಸೋತವರಿಗೂ ಯಾಕೆ ಎಂಬುದು ಗೊತ್ತಿರುತ್ತದೆ.

ನನ್ನ ಕಾರಣವನ್ನು ನಾನೇ ಹುಡುಕಿಕೊಳ್ಳಬೇಕಾಯಿತು, ಅದಕ್ಕೆ ಎರಡು ವರ್ಷ ಹಿಡಿಯಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯದ ಎರಡು ಹಳೆಯ ತೀರ್ಪುಗಳಿವೆ. 1986ರದ್ದರಲ್ಲಿ, ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಒಂದೇ ಒಂದು ಪಿಎಚ್‌ಡಿ ಪ್ರಬಂಧವನ್ನು ಪ್ರಕಟಣೆ ಎಂದು ಒಪ್ಪಿದರು, ಏಕೆಂದರೆ ಅದು ಕೆಟಲಾಗಿನಲ್ಲಿ ಸೇರಿತ್ತು. 1989ರದ್ದರಲ್ಲಿ ರೀಡ್ ಕಾಲೇಜಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಒಪ್ಪಲಿಲ್ಲ. ಅವುಗಳ ಕಾರ್ಡುಗಳು ವಿಷಯವಾರು ಇರಲಿಲ್ಲ, ವಿದ್ಯಾರ್ಥಿಯ ಹೆಸರಿನ ಪ್ರಕಾರ ಒಂದು ಶೂ ಡಬ್ಬಿಯಲ್ಲಿದ್ದವು. ಹೆಸರು ಗೊತ್ತಿಲ್ಲದವನು ಹುಡುಕುವುದು ಹೇಗೆ? ಶೂ ಡಬ್ಬಿ ಎಂಬ ಪದ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ರಿಜಿಸ್ಟರಿನ ಚಿತ್ರ ತೆಗೆದಿದ್ದೆ. ಕೆಟಲಾಗ್ ಕಾರ್ಡಿನ ಚಿತ್ರ ತೆಗೆದಿರಲೇ ಇಲ್ಲ.

ಇದು ನನ್ನ ಊಹೆ, ಅಷ್ಟೇ. ತಾಣದವರು ಒಂದು ಸಾಲು ಬರೆದಿದ್ದರೆ, “ಕೆಟಲಾಗಿನ ಸಾಕ್ಷಿ ಇಲ್ಲ” ಎಂಬ ಮೂರು ಪದ, ಮರುದಿನವೇ ಬಸ್ ಹತ್ತುತ್ತಿದ್ದೆ.

ಹಾಗಿದ್ದರೂ ತಾಣ ಬಿಟ್ಟಿಲ್ಲ. ಚಂದಾ ಕಟ್ಟಬೇಕಾಗಿಯೂ ಇಲ್ಲ, ಅದೊಂದು ಪುಣ್ಯ. ಆ ತೀರ್ಪುಗಳನ್ನು ಓದಿದ ಮೇಲೆ ನನ್ನ ಕೆಲಸ ಸುಧಾರಿಸಿತು, ಎರಡನೆಯ ಬಹುಮಾನ ಹಾಗೆಯೇ ಬಂತು. ಪಾಡ್‌ಕಾಸ್ಟ್ ಪೇಟೆಂಟನ್ನು 2015ರಲ್ಲಿ ಉರುಳಿಸಿದ ದಾಖಲೆಗಳಲ್ಲಿ ಒಂದು ಎಂಐಟಿಯ ವಿದ್ಯಾರ್ಥಿಯೊಬ್ಬ 1995ರಲ್ಲಿ ಬರೆದ ಪ್ರಬಂಧ ಎಂದು ಗೊತ್ತಾದಾಗಿನಿಂದ, ವಿದ್ಯಾರ್ಥಿಗಳ ಪ್ರಬಂಧಗಳನ್ನೇ ಮೊದಲು ನೋಡುತ್ತೇನೆ. ಸಮಯಕ್ಕೆ ಕೂಲಿ ಕಟ್ಟಿ ನೋಡುವವರು ಇತ್ತ ಬರಬೇಡಿ. ನನ್ನ ಲೆಕ್ಕದಲ್ಲಿ ಗಂಟೆಗೆ ಒಂದು ಮಸಾಲೆ ದೋಸೆಯ ದುಡ್ಡೂ ಗಿಟ್ಟಿಲ್ಲ. ರಾತ್ರಿ ಟಿವಿ ನೋಡಲಾಗದ ನಿವೃತ್ತರಿಗೆ, ಕಾನೂನು ಓದುವ ಮಕ್ಕಳಿಗೆ ಧಾರಾಳವಾಗಿ ಹೇಳುತ್ತೇನೆ. ಮೂರು ನಕ್ಷತ್ರ. ಕಾರಣ ಬರೆಯಲು ಶುರುಮಾಡಿದ ದಿನ ನಾಲ್ಕೂವರೆ.

ಕಳೆದ ತಿಂಗಳು ಆ ಕಾಲೇಜಿಗೆ ಮತ್ತೆ ಹೋಗಿದ್ದೆ. ಆ ಸ್ಪರ್ಧೆ ಯಾವತ್ತೋ ಮುಗಿದಿದೆ, ಕಾರ್ಡ್ ಸಿಕ್ಕರೂ ಯಾರಿಗೂ ಬೇಕಿಲ್ಲ, ನನಗೆ ನೋಡಬೇಕಿತ್ತು. ಕನ್ನಡಕ ಹಣೆಗೇರಿಸಿದ ಅದೇ ಅಟೆಂಡರ್. “ಕಾರ್ಡ್ ಕೆಟಲಾಗೇ? ಎಲ್ಲ ಕಂಪ್ಯೂಟರಿಗೆ ಹಾಕಿದ ಮೇಲೆ ಡ್ರಾಯರ್ ಸಮೇತ ಗುಜರಿಗೆ ಕೊಟ್ಟೆವು ಸರ್.” ಕಂಪ್ಯೂಟರಿನಲ್ಲಿ ಹುಡುಕಿಸಿದೆ. ಹಸಿರು ರಟ್ಟಿನ ಪುಸ್ತಕ ಸಿಕ್ಕಿತು. ಸೇರ್ಪಡೆಯಾದ ತಾರೀಖು ಎಂಬಲ್ಲಿ ಕಂಪ್ಯೂಟರಿಗೆ ಏರಿಸಿದ ದಿನ ಇತ್ತು, 2011. ಹೊರಡುವ ಮೊದಲು ಬೀರು ತೆಗೆಸಿ, ಕೊನೆಯ ರಟ್ಟು ತಿರುವಿ, ನೇರಳೆ ಮೊಹರನ್ನು ಇನ್ನೊಂದು ಸಲ ನೋಡಿ ಬಂದೆ.