ಪಂಕ್ ಬ್ಯಾಂಡ್ ನೋಡೋಕೆ ಪಬ್ಬಾ, ಮೈದಾನಾನಾ?

ತಂಗಿ ಕೇಳಿದಳು: ಮೊದಲ ಸಲ ಪಂಕ್ ಬ್ಯಾಂಡ್ ನೋಡೋಕೆ ಇಂದಿರಾನಗರದ ಪಬ್‌ಗೆ ಹೋಗಲಾ, ಇಲ್ಲ ಅರಮನೆ ಮೈದಾನದಂಥ ಕಡೆ ನಡೆಯುವ ದೊಡ್ಡ ಉತ್ಸವಕ್ಕಾ?

ಪಂಕ್ ಅಂದರೆ ಜೋರಾದ, ವೇಗದ ರಾಕ್ ಸಂಗೀತ. ಹಾಡು ಹೆಚ್ಚಾಗಿ ಎರಡು-ಮೂರು ನಿಮಿಷಕ್ಕೇ ಮುಗಿಯುತ್ತದೆ. ಗಿಟಾರ್‌ನಲ್ಲಿ ಮೂರ್ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಓಡುವ ಡ್ರಮ್ಸ್. ಹತ್ತಿರ ನಿಂತರೇ ಮಜಾ. ಒಮ್ಮೆ ಪಬ್‌ನಲ್ಲಿ ಡ್ರಮ್ಮರ್ ಕೈಯಲ್ಲಿ ಮುರಿದ ಕೋಲಿನ ತುಂಡು ನನ್ನ ಚಪ್ಪಲಿ ಪಕ್ಕ ಬಂದು ಬಿತ್ತು. ಹಾಡುವವನು ಮೈಕ್ ಸಮೇತ ನಮ್ಮ ನಡುವೆಯೇ ಕುಣಿಯುತ್ತಿದ್ದ. ಮೈದಾನದಲ್ಲಿ ಹಿಂದೆ ನಿಂತರೆ ಇದನ್ನೆಲ್ಲ ಪರದೆ ಮೇಲೆ ನೋಡಬೇಕು, ಸಪ್ಪೆ ಅಲ್ವಾ?

ದುಡ್ಡಿನ ಲೆಕ್ಕ ಬೇರೆ. ಪಬ್ ಟಿಕೆಟ್ ಸಾಮಾನ್ಯವಾಗಿ ಕಡಿಮೆ, ಒಳಗಿನ ಬಿಲ್ ಜಾಸ್ತಿ. ಉತ್ಸವದ ಟಿಕೆಟ್ ದುಬಾರಿ, ಆದರೆ ಒಂದೇ ದಿನ ಹಲವು ಬ್ಯಾಂಡ್ ಸಿಗುತ್ತವೆ.

ಕಿವಿ ಮರೆಯಬೇಡ. 100 ಡೆಸಿಬೆಲ್ ಸದ್ದಿಗೆ 15 ನಿಮಿಷವೇ ಸುರಕ್ಷಿತ ಮಿತಿ. ಪಬ್‌ನಲ್ಲಿ ಓಡಿಹೋಗೋಕೆ ಜಾಗ ಇರೋದಿಲ್ಲ, ಇಯರ್‌ಪ್ಲಗ್ ಬೇಕೇ ಬೇಕು. ಮೈದಾನದಲ್ಲಿ ಸುಮ್ನೆ ಹಿಂದೆ ಸರಿದರಾಯಿತು.

ಒಂದೇ ಬ್ಯಾಂಡ್ ಮೇಲೆ ಮನಸ್ಸಿದ್ದು, ನೂಕಾಟ ಪರವಾಗಿಲ್ಲ ಅಂದರೆ ಪಬ್. ಮೆಟ್ರೊ ಸ್ಟೇಷನ್ನೂ ಹತ್ತಿರ. ಯಾವುದು ಹಿಡಿಸುತ್ತದೋ ಇನ್ನೂ ಗೊತ್ತಿಲ್ಲ, ಗೆಳತಿಯರ ಗುಂಪಿದೆ ಅಂದರೆ ಉತ್ಸವ. ಎಲ್ಲಿಗೆ ಹೋದರೂ ಶೂ ಹಾಕಿಕೋ. ಆವತ್ತು ಚಪ್ಪಲಿಯಲ್ಲಿ ಹೋಗಿ ನನ್ನ ಹೆಬ್ಬೆರಳು ವಾರವಿಡೀ ನೀಲಿ ಇತ್ತು.